ಕಮಾನ್ ಹೋಟೆಲಿನ ಹಿತ್ತಲ ಬಾವಿ

ಮಾರೆವ್ವನ ಕತ್ತಿನ ಹಿಂದೆ ಅಂಗೈಯಗಲ ಚರ್ಮ ಬೆಂದುಹೋಗಿತ್ತು. ಬೆಂದ ಚರ್ಮದ ನಡುವೆ ಬೇಯದೆ ಉಳಿದ ಗುಂಡನೆಯ ಚುಕ್ಕೆಗಳು, ಸಾಲುಸಾಲಾಗಿ.

ಇನ್‌ಸ್ಪೆಕ್ಟರ್ ಮಹೇಶ್ವರಿ ಮಂಡಿಯೂರಿ ಆ ಗುರುತಿನ ಫೋಟೊ ತೆಗೆದುಕೊಂಡಳು. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಕುಪ್ಪಸದ ಬೆನ್ನಿಗಿಳಿದು ಸೊಂಟದವರೆಗೆ ಹರಿದಿತ್ತು. ಅರವತ್ತು ದಾಟಿದ ಆ ಹೆಂಗಸು ಬಾವಿಯ ಬಾಯಿಗೆ ಮುಚ್ಚಿದ ಕಲ್ಲಿಗೆ ಒರಗಿ ಕೂತಿದ್ದಳು. ಹಾರೆಯನ್ನು ಮಾತ್ರ ಇನ್ನೂ ಕೈಬಿಟ್ಟಿರಲಿಲ್ಲ.

“ದವಾಖಾನಿಗೆ ನಡಿ, ಮಾರೆವ್ವ.”

“ಈ ಕಲ್ಲು ತಗದ ಮ್ಯಾಲ ಬರ್ತೀನ್ರಿ.”

“ಹೊಡದಾಂವ ಯಾರು?”

“ಹಿಂದಿಂದ ಬಂದ್ರಿ. ಮಾರಿ ಕಾಣಲಿಲ್ಲ.” ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. “ವಾಸನಿ ಬಂತು. ಓಂಕಾಳಿನ ವಾಸನಿ, ಮಿರ್ಚಿ ಹಿಟ್ಟಿಗೆ ಹಾಕ್ತಾರಲ್ರಿ, ಅದು.”

ಕುಷ್ಟಗಿಯ ಕಮಾನ್ ಹೋಟೆಲಿನ ಮಾಲೀಕ ಕೊಟ್ರಪ್ಪ ಇದೇ ಹಿತ್ತಲಿನ ಮೆಟ್ಟಿಲ ಬುಡದಲ್ಲಿ ಕೊಲೆಯಾಗಿ ಇವತ್ತಿಗೆ ನಾಲ್ಕು ದಿನ. ಮಂಗಳವಾರ ಮಧ್ಯಾಹ್ನ ಮುಂದಿನ ಪಡಸಾಲೆಯಲ್ಲಿ ನಲವತ್ತು ಜನ ಊಟ ಮಾಡುತ್ತಿದ್ದಾಗ, ಯಾರೋ ಎಪ್ಪತ್ನಾಲ್ಕರ ಆ ಮುದುಕನ ತಲೆಬುರುಡೆಯನ್ನು ಮೂರು ಕಡೆ ಒಡೆದಿದ್ದರು. ರುಬ್ಬುವ ಯಂತ್ರದ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳಿರಲಿಲ್ಲ. ಹೊಡೆದ ವಸ್ತು ಇನ್ನೂ ಸಿಕ್ಕಿರಲಿಲ್ಲ.

“ಈ ಕಲ್ಲು ಯಾಕ ತಗೀಬೇಕಂತಿ?”

“ಕೊಟ್ರಪ್ಪ ಧಣಿ ತಾವ ಹೇಳಿದ್ರು. ಹದಿನೈದು ದಿನದ ಹಿಂದ ಹಿತ್ತಲದಾಗ ಕಸಾ ಹೊಡಿಯೂಮುಂದ ಬಂದ್ರು. ‘ಮಾರೆವ್ವ, ನಾ ಸಾಯೂದ್ರಾಗ ಈ ಬಾವಿ ತಗಸ್ತೀನಿ, ಅದರಾಗೇನೈತಿ ನೀ ನೋಡಬೇಕು’ ಅಂದ್ರು. ತಗಸಲಿಲ್ಲ. ಅವರನ್ನ ತಗದುಬಿಟ್ರು.”

“ಏನೈತಿ ಅದರಾಗ?”

ಮಾರೆವ್ವ ಹಾರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ನಮ್ಮಣ್ಣ ಅಯ್ಯಪ್ಪ ಅದಾನ್ರಿ.”

*

ಕಮಾನ್ ಹೋಟೆಲಿಗೆ ಎರಡು ಮುಖ.

ಮುಂದಿನದು ಊರಿಗೆಲ್ಲ ಗೊತ್ತು. ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಕಟ್ಟಿದ ದೊಡ್ಡ ಕಮಾನು. ಬಣ್ಣದ ಮೇಲೆ ಬಣ್ಣ ಬಳಿದರೂ ಬೇಸಿಗೆಯ ಬಿಸಿಲಿಗೆ ಕೆಳಗಿನ ಉರ್ದು ಅಕ್ಷರಗಳು ಮತ್ತೆ ಕಾಣುತ್ತವೆ. ಮಹಡಿಯ ಮೇಲೆ ಸಾಗವಾನಿ ಬಾಗಿಲುಗಳ ಆರು ಕೋಣೆ. ನಿಜಾಮರ ಕಾಲದಲ್ಲಿ, ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಕೊಟ್ರಪ್ಪನ ತಂದೆ ವಿರುಪಣ್ಣ ಇದನ್ನು ಕಟ್ಟಿಸಿದ. ರಾಯಚೂರಿನಿಂದ ತಪಾಸಣೆಯ ದೌರಾ ಬರುವ ಅಧಿಕಾರಿಗಳು, ಕಚೇರಿ ಕೆಲಸಕ್ಕೆ ಬಂದ ವಕೀಲರು, ತಾವರಗೇರಾ ಸಂತೆಯ ದಲಾಲರು ಇಲ್ಲೇ ಇಳಿಯುತ್ತಿದ್ದರು. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಒಬ್ಬನನ್ನು ಈ ಕಮಾನಿನ ಕೆಳಗೇ ಗುಂಡಿಕ್ಕಿ ಕೊಂದರಂತೆ. ವಿರುಪಣ್ಣ ಹೆಣವನ್ನು ಬದಿಗೆ ಸರಿಸಿ, ಎರಡು ಕೊಡ ನೀರು ಹಾಕಿ ಕಲ್ಲು ತೊಳೆದು, ಒಲೆ ಹಚ್ಚಿದನಂತೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅವನ ಪಟದ ಕೆಳಗೆ ಇವತ್ತಿಗೂ ಬರೆದಿದೆ: ‘ಒಂದು ದಿನವೂ ಬಾಗಿಲು ಮುಚ್ಚದ ಹೋಟೆಲು.’

ಹಿಂದಿನ ಮುಖದ ಬಗ್ಗೆ ಯಾರೂ ಬರೆದಿಲ್ಲ. ಹಿತ್ತಲ ಗೋಡೆಯಲ್ಲಿ ಮೊಳದಗಲದ ಒಂದು ಗೂಡು. ಅದರಲ್ಲಿ ಆರು ಅಲ್ಯೂಮಿನಿಯಂ ಲೋಟ. ಕೇರಿಯ ಜನ ಹಿಂದಿನಿಂದ ಬಂದು, ಗೂಡಿನಿಂದ ಲೋಟ ತೆಗೆದುಕೊಂಡು ಚಾಚಬೇಕು. ಒಳಗಿನಿಂದ ಯಾರೋ ಮೇಲೆತ್ತಿ ಚಹಾ ಸುರಿಯುತ್ತಾರೆ. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿಡಬೇಕು. ಅದು ಎಂಬತ್ತಮೂರರವರೆಗೂ ನಡೆದಿತ್ತು.

“ಎಂಬತ್ತಮೂರರಾಗ ನಮ್ಮಣ್ಣ ಮುಂದಿನ ಬಾಗಿಲದಿಂದ ಒಳಗ ಹೋದ,” ಎಂದಳು ಮಾರೆವ್ವ. “ಇಪ್ಪತ್ತೆರಡು ವಯಸ್ಸು. ಹತ್ತನೇತ್ತ ಪಾಸಾಗಿದ್ದ. ಬೆಂಚಿನ ಮ್ಯಾಲ ಕುಂತು ಕಪ್ಪು-ಬಸಿಯೊಳಗ ಚಾ ಕೊಡ್ರಿ ಅಂದ. ಮೊದಲನೇ ದಿನ ಅದ ಕಪ್ಪು ಅವನ ಮಾರಿಗೆ ಒಡದ್ರು. ಹುಬ್ಬು ಹರದು ಮನಿಗೆ ಬಂದ. ಮರುದಿನ ಮತ್ತ ಹೋದ. ಹಲ್ಲು ಮುರದು ಕಳಿಸಿದ್ರು. ಮೂರನೇ ದಿನ ನಮ್ಮವ್ವ ಕಾಲು ಹಿಡದ್ಲು. ಕೇಳಲಿಲ್ಲ. ನಾ ಬೆನ್ನ ಹಿಂದ ಬಂದೆ. ಅವಾ ಒಳಗ ಹೋದದ್ದನ್ನ ರಸ್ತೆ ಆಚೆ ನಿಂತು ನೋಡಿದೆ. ಹೊರಗ ಬಂದದ್ದನ್ನ ನೋಡಲಿಲ್ಲ.”

“ಯಾರೂ ಕೇಳಲಿಲ್ಲೇನು?”

“ಗೋವಾಕ್ಕ ದುಡಿಯಾಕ ಹೋಗ್ಯಾನಂತ ಹೋಟ್ಲದವ್ರು ಊರತುಂಬ ಹಬ್ಬಿಸಿದ್ರು. ನಮ್ಮಪ್ಪ ಅದನ್ನ ನಂಬಿದ. ನಂಬದಿದ್ರ ಬದುಕೂದು ಹೆಂಗ್ರಿ? ನಾ ನಂಬಲಿಲ್ಲ. ಇಲ್ಲೇ ಕಸಾ ಹೊಡಿಯಾಕ ಸೇರಿಕೊಂಡೆ. ನಲವತ್ತೊಂದು ವರ್ಷ ಆತು.”

ಮಹೇಶ್ವರಿ ಬಾವಿಯ ಕಡೆ ಬಾಗಿದಳು. ಅವಳ ಕಣ್ಣು ಕಲ್ಲಿನ ಅಂಚಿನಲ್ಲಿ ಹಾರೆ ಎಬ್ಬಿಸಿದ ಹಸಿ ಗಾಯದ ಮೇಲಿತ್ತು.

“ಇನ್ನೊಂದು ಮಾತ್ರಿ,” ಎಂದಳು ಮಾರೆವ್ವ. “ಒಂದು ದಿನಾನೂ ಮುಚ್ಚಿಲ್ಲ ಅಂತ ಬರದಾರಲ್ಲ, ಸುಳ್ಳು. ನಮ್ಮಣ್ಣ ಹೋದ ಮರುದಿನ ಮುಂಜಾನಿಂದ ಸಂಜಿತನಕ ಬಂದ್ ಇತ್ತು. ಆವತ್ತ ಚಕ್ಕಡಿ ಮ್ಯಾಲ ಈ ಕಲ್ಲು ಬಂತು.”

*

ಅಡುಗೆಮನೆಯ ಹಿಂಬಾಗಿಲಿನಿಂದ ಬಾವಿಗೆ ಹನ್ನೆರಡು ಹೆಜ್ಜೆ. ಮಹೇಶ್ವರಿ ಎಣಿಸಿಕೊಂಡೇ ನಡೆದಳು. ಮೂರನೆಯ ಹೆಜ್ಜೆಯಲ್ಲಿ ನೆಲದ ಮೇಲೆ ಎಣ್ಣೆಯ ಹನಿ. ಆರನೆಯದರಲ್ಲಿ ಇನ್ನೊಂದು. ಹತ್ತನೆಯದರಲ್ಲಿ ಕಡಲೆಹಿಟ್ಟಿನ ಕರಿದ ಚೂರು.

ಒಳಗೆ ಹೋಗದೆ ಸುತ್ತು ಹಾಕಿ ಮುಂದಿನ ಪಡಸಾಲೆಗೆ ಬಂದಳು. ಹನ್ನೊಂದೂವರೆ. ಅಣ್ಣನ ಹೆಣ ಮಣ್ಣು ಮಾಡಿದ ದಿನವೂ ತಮ್ಮ ಗೋವಿಂದರಾಜ ಹೋಟೆಲು ಮುಚ್ಚಿರಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಚಹಾ. ಹತ್ತು ಹದಿನೈದು ಜನ ಕೂತಿದ್ದರು. ಅವಳು ಬಾಗಿಲ ಹತ್ತಿರದ ಮೇಜಿನ ಮುದುಕನ ಎದುರು ಕೂತಳು. ಅವನು ಒಂದು ಮಿರ್ಚಿ ಕಚ್ಚಿ ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟಿದ್ದ.

“ಯಾಕ ಯಜಮಾನ್ರ, ಛಲೋ ಇಲ್ಲೇನು?”

“ಹಿಟ್ಟು ದಪ್ಪ ಆಗೇತ್ರಿ. ಹತ್ತೂವರಿಗೆ ತಂದಿಟ್ರು, ಒಳಗ ಬೆಂದಿಲ್ಲ. ಇವತ್ತ ತಿರುಮಲೇಶನ ಕೈ ಅಲ್ಲ ಇದು.”

“ತಿರುಮಲೇಶ ಎಲ್ಲಿ?”

“ಮೆಣಸಿನಕಾಯಿ ತರಾಕ ಒಂಬತ್ತಕ್ಕ ತಾವರಗೇರಾಕ್ಕ ಹ್ವಾದ. ನಾನೂ ಬರ್ತೀನಿ ಅಂದೆ, ಬೈಕಿನ್ಯಾಗ ಜಾಗ ಇಲ್ಲ ಅಂದ.”

ತಿರುಮಲೇಶ ಈ ಹೋಟೆಲಿನ ಮಿರ್ಚಿ ಬಾಣಲೆಯ ಮುಂದೆ ಮೂವತ್ತು ವರ್ಷ ನಿಂತವನು. ಆ ಜಾಗಕ್ಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ ಎಂದು ಊರೇ ಹೇಳುತ್ತಿತ್ತು.

ಮಹೇಶ್ವರಿ ಗಲ್ಲಾದ ಕಡೆ ನೋಡಿದಳು. ಕುರ್ಚಿ ಖಾಲಿ. ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ಗವಿಸಿದ್ದೇಶನಿಗೆ ಕಣ್ಸನ್ನೆ ಮಾಡಿದಳು.

“ಎಲ್ಲಾರನ್ನೂ ಎಬ್ಬಿಸಿ ಹೊರಗ ಕಳಿಸು. ಕಮಾನಿನ ಬಾಗಿಲು ಹಾಕು.”

*

ಗೋವಿಂದರಾಜ ಬಾಣಲೆಯ ಮುಂದಿದ್ದ. ಅರವತ್ತೇಳು ವಯಸ್ಸು, ಎಮ್ಮೆಯ ಕೊರಳಿನಂಥ ಕೊರಳು, ಬಿಳಿ ಅಂಗಿಯ ತೋಳು ಮೊಳಕೈವರೆಗೆ ಮಡಚಿದ್ದ. ಬಾಣಲೆಯಲ್ಲಿ ಎಣ್ಣೆ ಸಣ್ಣಗೆ ಕುದಿಯುತ್ತಿತ್ತು.

“ಹೊರಗ ಗದ್ಲ ಏನ್ರಿ ಮೇಡಂ?”

“ಹೋಟ್ಲ ಬಂದ್ ಮಾಡಿಸಿದೆ.”

“ನಮ್ಮ ಹೋಟ್ಲ ಒಂದು ದಿನಾನೂ—”

“ಎಂಬತ್ತಮೂರರಾಗ ಒಂದು ದಿನ ಮುಚ್ಚಿತ್ತು. ಇವತ್ತ ಎರಡನೇದು.”

ಅವನ ಕೈ ನಿಂತಿತು.

“ಗೋವಿಂದರಾಜ್, ಮುಂಜಾನಿಂದ ಎಲ್ಲಿದ್ರಿ?”

“ಗಲ್ಲಾದ ಮ್ಯಾಲ.”

“ಮತ್ತ ಉಗುರಿನ ಸಂದ್ಯಾಗ ಕಡ್ಲಿಹಿಟ್ಟು ಯಾಕೈತಿ?”

“ತಿರುಮಲೇಶ ಇಲ್ಲಲ್ರಿ. ಈಗ ಬಂದು ನಿಂತೀನಿ.”

“ಒಂಬತ್ತರಿಂದ ಅವಾ ಇಲ್ಲ. ಹತ್ತೂವರಿಗೆ ಕರದ ಮಿರ್ಚಿ ಮುಂದಿನ ಮೇಜಿನ ಮ್ಯಾಲ ಐತಿ. ಕರದಾಂವ ಯಾರು?”

ಮಹೇಶ್ವರಿ ಕಟ್ಟೆಯ ಮೇಲಿದ್ದ ಝಾರಿಯನ್ನು ಕರವಸ್ತ್ರದಲ್ಲಿ ಹಿಡಿದು ಎತ್ತಿದಳು. ಎಣ್ಣೆ ಸೋರಲೆಂದು ತೂತು ಕೊರೆದ ಕಬ್ಬಿಣದ ಅಗಲ ಸೌಟು, ಎರಡು ಸೇರು ತೂಕ. ಅಂಚಿನಲ್ಲಿ ಒಂದು ಬಿಳಿ ಕೂದಲು ಅಂಟಿತ್ತು. ಇನ್ನೊಂದು ಕೈಯಲ್ಲಿ ಫೋನು ತೆರೆದು ಮಾರೆವ್ವನ ಕತ್ತಿನ ಫೋಟೊವನ್ನು ಅವನ ಮುಖದ ಮುಂದೆ ಹಿಡಿದಳು.

“ಈ ತೂತಿನ ಸಾಲು, ಆ ಚುಕ್ಕಿ ಸಾಲು. ನೀವ ಎಣಿಸ್ತೀರಾ, ನಾ ಎಣಿಸಲ್ಯಾ?”

ಅವನು ಎಣಿಸಲಿಲ್ಲ. ಬಾಣಲೆಯ ಎರಡೂ ಕಿವಿಗಳನ್ನು ಹಿಡಿಯುವ ಬಟ್ಟೆ ಅವನ ಹೆಗಲ ಮೇಲಿತ್ತು. ಅದು ಕೈಗೆ ಬಂದದ್ದು ಮಹೇಶ್ವರಿಗೆ ಕಾಣುವಷ್ಟರಲ್ಲಿ ಬಾಣಲೆ ಒಲೆಯಿಂದ ಎದ್ದಿತ್ತು.

ಗವಿಸಿದ್ದೇಶ ಅವಳನ್ನು ಪಕ್ಕಕ್ಕೆ ತಳ್ಳಿದ. ಎಣ್ಣೆ ಅವನ ಎಡಗೈಯ ಮೇಲೆ, ಭುಜದಿಂದ ಬೆರಳಿನವರೆಗೆ ಬಿತ್ತು. ಅವನ ಬಾಯಿಂದ ಬಂದದ್ದು ಕೂಗಲ್ಲ, ಗಂಟಲೊಳಗೆ ಏನೋ ಸಿಕ್ಕಿಕೊಂಡಂಥ ಸದ್ದು. ಖಾಕಿ ತೋಳು ಚರ್ಮಕ್ಕೆ ಅಂಟಿಕೊಂಡಿತು. ನೆಲಕ್ಕೆ ಬಿದ್ದ ಎಣ್ಣೆ ಚುರ್ರೆಂದು ಹರಡಿತು.

ಗೋವಿಂದರಾಜ ಮೆಣಸಿನಕಾಯಿ ಕೊಚ್ಚುವ ಕತ್ತಿಯ ಕಡೆ ಕೈ ಚಾಚಿದ. ಮಹೇಶ್ವರಿ ಝಾರಿಯನ್ನೇ ಬೀಸಿದಳು. ಕಬ್ಬಿಣ ಅವನ ಮಣಿಕಟ್ಟಿಗೆ ಬಿದ್ದು ಎಲುಬು ಒಣ ಜೋಳದ ದಂಟಿನಂತೆ ಮುರಿಯಿತು. ಅವನು ಇನ್ನೊಂದು ಕೈಯಿಂದ ಅವಳ ಕೊರಳು ಹಿಡಿದು ಗೋಡೆಗೆ ಒತ್ತಿದ. ಮುದುಕನ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ಅವಳು ಎಣಿಸಿರಲಿಲ್ಲ. ಕಣ್ಣು ಕತ್ತಲೆಗಟ್ಟಿತು. ಮೊಣಕಾಲೆತ್ತಿ ಅವನ ತೊಡೆಸಂದಿಗೆ ಒದ್ದಳು. ಹಿಡಿತ ಸಡಿಲಾಯಿತು. ಎರಡನೆಯ ಸಲ ಒದ್ದಾಗ ಅವನು ಎಣ್ಣೆಯ ಮೇಲೆಯೇ ಜಾರಿ ಬಿದ್ದು, ಬೆನ್ನು ಸುಟ್ಟುಕೊಂಡು ಹೊರಳಾಡಿದ.

ಅವಳು ಅವನ ಬೆನ್ನ ಮೇಲೆ ಮಂಡಿಯೂರಿ ಕೈಕೋಳ ಹಾಕಿದಳು. ಮುರಿದ ಮಣಿಕಟ್ಟಿಗೆ ಕೋಳ ತಾಗಿದಾಗ ಅವನು ಮೊದಲ ಬಾರಿಗೆ ಅರಚಿದ.

ಗವಿಸಿದ್ದೇಶ ತಣ್ಣೀರಿನ ಹಂಡೆಯಲ್ಲಿ ತೋಳು ಮುಳುಗಿಸಿ ಹಲ್ಲು ಕಚ್ಚಿ ಕೂತಿದ್ದ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

“ಗಾಡಿ ಬರಾಕತ್ತೈತಿ, ತಮ್ಮಾ. ಸ್ವಲ್ಪ ತಡಿ.”

“ನನಗೇನಾಗಿಲ್ರಿ ಮೇಡಂ. ನೀವು ಅವನ್ನ ಕೇಳ್ರಿ.”

*

ಅವಳು ಕೇಳಿದಳು. ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದ ಗೋವಿಂದರಾಜ ಮೊದಮೊದಲು ಬೈದ. ಆಮೇಲೆ ನೀರು ಕೇಳಿದ. ಆಮೇಲೆ ಹೇಳಿದ.

“ಆ ಹುಡುಗ ಮೂರನೇ ದಿನ ಬಂದಾಗ ಪಡಸಾಲಿ ತುಂಬ ಜನ. ಎಲ್ಲಾರೂ ನಮ್ಮ ಮಾರಿ ನೋಡಾಕತ್ತಿದ್ರು. ಇವ್ರು ಏನ್ಮಾಡ್ತಾರ ಅಂತ. ನಾ ನಕ್ಕೋತ ಅವನ ಹೆಗಲ ಮ್ಯಾಲ ಕೈ ಹಾಕಿದೆ. ‘ಬಾರೋ, ಹಿಂದ ಕುಂತು ಮಾತಾಡೋಣು’ ಅಂದೆ. ಅವಾ ಬಂದ.”

“ಹೆದರಲಿಲ್ಲೇನು ಅವಾ?”

“ಹೆದರಿದ್ದ. ಆದ್ರೂ ಬಂದ.” ಗೋವಿಂದರಾಜ ತುಟಿ ಸವರಿಕೊಂಡ. “ಒಲಿಗೆ ಹಾಕೂ ಬಬೂಲಿ ಕಟಿಗಿ ಅಲ್ಲೇ ಬಿದ್ದಿತ್ತು. ಮೊದಲನೇ ಏಟಿಗೆ ಕುಂತ. ‘ಯಾಕ್ರಿ ಧಣಿ’ ಅಂದ. ಅಷ್ಟ ಅಂದದ್ದು. ಎರಡನೇ ಏಟಿಗೆ ಮಾತು ನಿಂತ್ವು. ಎಷ್ಟು ಹೊಡದೆ ಗೊತ್ತಿಲ್ಲ. ಕಟಿಗಿ ಮುರೀತು. ಕಾಲು ಹಿಡದು ಎಳಕೊಂಡು ಹೋಗಿ ಬಾವ್ಯಾಗ ಹಾಕಿದೆ. ನೀರಾಗ ಬಿದ್ದ ಸಪ್ಪಳ ನನ್ನ ಕಿವಿಲೆ ಕೇಳೀನಿ.”

“ನಿಮ್ಮಣ್ಣ?”

“ಸಪ್ಪಳಾ ಕೇಳಿ ಬಂದ. ಬಾವಿ ಕಟ್ಟಿ ಮ್ಯಾಲಿನ ರಗತ ನೋಡಿದ. ‘ನೀ ಮನಿಗೆ ಹೋಗು, ಮುಂದಿಂದು ನಾ ನೋಡ್ಕೋತೀನಿ’ ಅಂದ. ನಾ ಹೋದೆ. ಮರುದಿನ ಬಂದಾಗ ಕಲ್ಲು ಮುಚ್ಚಿತ್ತು. ಆವತ್ತಿಂದ ನಾವಿಬ್ಬರೂ ಆ ಮಾತು ಎತ್ತಿಲ್ಲ. ಹೋದ ತಿಂಗಳ ಎದಿನೋವು ಬಂದ ಮ್ಯಾಲ ಅವನ ತಲಿ ಕೆಟ್ಟಿತು. ಬಾವಿ ತಗಸ್ತೀನಿ, ತಗಸ್ತೀನಿ ಅಂತ ಒಂದ ಸವನ ಹಿಡದ.”

“ಅದಕ್ಕ ಅವನ್ನೂ ಕೊಂದ್ರಿ.”

“ಇಲ್ರಿ.” ಅವನು ತಲೆ ಎತ್ತಿ ನೇರ ಅವಳನ್ನೇ ನೋಡಿದ. “ಅಯ್ಯಪ್ಪನ್ನ ಕೊಂದೀನಿ, ಹೌದು. ಇವತ್ತ ಮಾರೆವ್ವನ್ನೂ ಕೊಲ್ಲಬೇಕಂತನ ಹೊಡದೆ. ಅಣ್ಣನ ಮೈ ನಾ ಮುಟ್ಟಿಲ್ಲ. ಮಂಗಳವಾರ ನಾ ಊರಾಗ ಇರಲಿಲ್ಲ, ಗಂಗಾವತಿಗೆ ಅಕ್ಕಿ ನೋಡಾಕ ಹೋಗಿದ್ದೆ. ಆ ಹಾದ್ಯಾಗಿನ ಮರಳಿ ಊರಿನ ಟೋಲಿನ ಕ್ಯಾಮರಾ ನೋಡ್ರಿ, ಮಧ್ಯಾಹ್ನ ನನ್ನ ಗಾಡಿ ಅಲ್ಲಿ ದಾಟೇತಿ.”

ಎರಡು ಕೊಲೆಯ ಮನಸ್ಸನ್ನು ಒಪ್ಪಿಕೊಂಡವನು ಮೂರನೆಯದಕ್ಕೆ ಯಾಕೆ ಸುಳ್ಳು ಹೇಳಬೇಕು? ಮಹೇಶ್ವರಿ ಠಾಣೆಗೆ ಫೋನು ಮಾಡಿದಳು. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು. ಗಾಡಿ ದಾಟಿದ್ದು ನಿಜ. ಚಾಲಕನ ಸೀಟಿನಲ್ಲಿ ಗೋವಿಂದರಾಜನ ಮುಖ ಸ್ಪಷ್ಟವಾಗಿತ್ತು.

*

ತಹಶೀಲ್ದಾರರು ಬಂದು ಬಾವಿ ತೆಗೆಯುವ ಕಾಗದಕ್ಕೆ ಸಹಿ ಹಾಕುವಷ್ಟರಲ್ಲಿ ಮೂರು ಗಂಟೆ. ಸರ್ಕಾರಿ ವೈದ್ಯೆ ಅಮೃತಾ ಮಾರೆವ್ವನ ತಲೆಗೆ ಹಿತ್ತಲಲ್ಲೇ ಏಳು ಹೊಲಿಗೆ ಹಾಕಿದರು. ಹೊಲಿಗೆ ಹಾಕುವಾಗ ಅವಳು ಮುಲುಗಲಿಲ್ಲ. ಗೋವಿಂದರಾಜನನ್ನು ಜಾಗ ತೋರಿಸಲೆಂದು ಇಬ್ಬರು ಪೊಲೀಸರ ನಡುವೆ ನಿಲ್ಲಿಸಿದ್ದರು. ಮುರಿದ ಕೈಗೆ ಹಲಗೆ ಕಟ್ಟಿತ್ತು. ಮಾರೆವ್ವ ಅವನ ಕಡೆ ಒಮ್ಮೆಯೂ ನೋಡಲಿಲ್ಲ.

ಆರು ಜನ ಹಾರೆ ಹಾಕಿ ಕಲ್ಲನ್ನು ಎಬ್ಬಿಸಿದರು. ಮುಚ್ಚಿಟ್ಟ ಗಾಳಿ ಒಮ್ಮೆಲೇ ಮೇಲೆ ಬಂತು. ಎಲ್ಲರೂ ಹಿಂದೆ ಸರಿದರು, ಮಾರೆವ್ವ ಒಬ್ಬಳು ಅಂಚಿನಲ್ಲೇ ನಿಂತಳು.

ದೀಪ ಇಳಿಸಿ ಗಾಳಿ ನೋಡಿದ ಮೇಲೆ ಅಗ್ನಿಶಾಮಕದ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನೀರು ಬತ್ತಿ ಕೆಸರಷ್ಟೇ ಉಳಿದಿತ್ತು.

“ಗ್ವಾಡಿಗೆ ಕಲ್ಲಿನ ಮೆಟ್ಟು ಅದಾವ್ರಿ,” ಎಂದು ಕೆಳಗಿನಿಂದ ಕೂಗಿದ. ಸ್ವಲ್ಪ ಹೊತ್ತಿನ ಮೇಲೆ, “ಎಲಬು ಸಿಕ್ವು.”

ಬುಟ್ಟಿ ಮೇಲೆ ಬಂತು. ಅಮೃತಾ ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಎಲುಬು ಜೋಡಿಸಿದರು. ತೊಡೆಯ ಎಲುಬು. ಪಕ್ಕೆ. ತಲೆಬುರುಡೆ, ಹಣೆಯ ಮೇಲೆ ಜಜ್ಜಿದ ಬಿರುಕು. ಮಾರೆವ್ವ ಕೆಳಗೆ ಕೂತು ಸೆರಗಿನ ತುದಿಯಿಂದ ಬುರುಡೆಯ ಕೆಸರನ್ನು ಒರೆಸಲು ಕೈ ಚಾಚಿದಳು. ಮಹೇಶ್ವರಿ ತಡೆಯಬೇಕಿತ್ತು. ತಡೆಯಲಿಲ್ಲ.

ಅಮೃತಾ ಸೊಂಟದ ಎಲುಬನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

“ಮೇಡಂ, ಇದು ಗಂಡಸಿನದಲ್ಲ.”

ಎರಡನೆಯ ಬುಟ್ಟಿಯಲ್ಲಿ ಪಾದದ ಎಲುಬುಗಳ ಜೊತೆ ಕಪ್ಪಾದ ನಾಲ್ಕು ಬೆಳ್ಳಿ ಕಾಲುಂಗುರ ಬಂದವು. ಮಹೇಶ್ವರಿ ಒಂದನ್ನು ನೀರಿನಲ್ಲಿ ಅದ್ದಿ ಉಜ್ಜಿದಳು. ಮೀನಿನ ಆಕಾರ, ಕಣ್ಣಿನ ಜಾಗದಲ್ಲಿ ಕೆಂಪು ಹರಳು.

ಹಿಂದಿನಿಂದ ಗೋವಿಂದರಾಜನ ಸದ್ದು ಬಂತು. ಅವನು ಕಾಲುಂಗುರದ ಕಡೆ ನುಗ್ಗಿದ್ದ. ಇಬ್ಬರು ಪೊಲೀಸರು ತೋಳು ಹಿಡಿದು ನಿಲ್ಲಿಸಿದ್ದರು.

“ಇವು ನಮ್ಮ ಅತ್ತಿಗಿವು,” ಎಂದ. “ಪಾರಮ್ಮಂದು. ಕೊಟ್ರಪ್ಪನ ಹೇಣ್ತಿ. ಆ ವಾರ ಬೇವೂರಿಗೆ ತವರಿಗೆ ಹೋದಾಕಿ ಜ್ವರ ಬಂದು ಸತ್ಲು ಅಂತ ಅಣ್ಣ ಹೇಳಿದ್ದ. ಮಣ್ಣೂ ಅಲ್ಲೇ ಆತಂದ.”

“ನೀವು ಹಾಕಿದಾಗ ಬಾವ್ಯಾಗ ಒಬ್ಬಾವ ಇದ್ದ,” ಎಂದಳು ಮಹೇಶ್ವರಿ. “ಮರುದಿನ ನಿಮ್ಮಣ್ಣ ಆಕಿನ್ನೂ ಹಾಕಿ ಕಲ್ಲು ಮುಚ್ಯಾನ. ಒಳಗ ಇಬ್ಬರಿರಬೇಕು.”

ಅವಳು ಬಾವಿಯ ಅಂಚಿಗೆ ಬಾಗಿದಳು.

“ಇನ್ನೊಬ್ಬರ ಎಲಬು ನೋಡು. ಕೆಸರ ಪೂರಾ ಕೆದರು.”

ಅರ್ಧ ಗಂಟೆ ಕೆಳಗಿನಿಂದ ಸಲಿಕೆಯ ಸದ್ದಷ್ಟೇ ಬರುತ್ತಿತ್ತು. ಕೆಸರು ತುಂಬಿದ ಬುಟ್ಟಿಗಳು ಒಂದರ ಹಿಂದೊಂದು ಬಂದವು. ಎರಡು ತಾಮ್ರದ ಕೊಡ, ಒಂದು ರಾಟೆ, ಬಬೂಲಿ ಕಟ್ಟಿಗೆಯ ಮುರಿದ ತುಂಡು. ಕೊನೆಗೆ ಸಲಿಕೆ ಕಲ್ಲಿಗೆ ತಾಗಿದ ಸದ್ದು.

“ತಳದ ಬಂಡಿಗಲ್ಲು ಹತ್ತೇತ್ರಿ ಮೇಡಂ. ಇಲ್ಲಿ ಮತ್ಯಾರೂ ಇಲ್ಲ.”

ಮಾರೆವ್ವ ಎದ್ದು ನಿಂತಳು. ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗೋವಿಂದರಾಜನ ಎದುರು ಬಂದು, ಅವನ ಮುಖವನ್ನು ನೋಡಿ ಕೇಳಿದಳು.

“ನಮ್ಮಣ್ಣ ಎಲ್ಲಿ?”

ಗೋವಿಂದರಾಜ ಬಾವಿಯ ಕಡೆ, ಗೋಡೆಯ ಮೆಟ್ಟುಗಳ ಕಡೆ ನೋಡಿದ. ಮಹೇಶ್ವರಿಯ ಕಡೆ ತಿರುಗಿದ. ಬಾಣಲೆ ಎತ್ತುವಾಗ ಇಲ್ಲದ ಹೆದರಿಕೆ ಅವನ ಕಣ್ಣಲ್ಲಿತ್ತು. ಕೋಳ ಹಾಕಿದ ಎರಡೂ ಕೈಗಳನ್ನು, ಮುರಿದದ್ದನ್ನೂ ಸೇರಿಸಿ, ಮುಂದೆ ಚಾಚಿದ.

“ನನ್ನ ಲಾಕಪ್ಪಿನ್ಯಾಗ ಹಾಕ್ರಿ ಮೇಡಂ. ಈಗಿಂದೀಗ ಹಾಕ್ರಿ. ಯಾರರ ನನಗ ಜಾಮೀನು ಕೊಡಾಕ ಬಂದ್ರ, ಅವನ ವಯಸ್ಸೆಷ್ಟಂತ ಮೊದಲ ನೋಡ್ರಿ. ಆ ಮೆಟ್ಟು ಹತ್ತಿ ಹೋದಾವಗ ಈಗ ಅರವತ್ಮೂರು.”